ಹೆಂಡತಿಯ ಕಾರು, ನನ್ನ ಸಹಿ

ರಾಣೆಬೆನ್ನೂರಿನಿಂದ ಹಾವೇರಿಗೆ ನೀಲಿ ಕಾರು ಓಡಿಸಿಕೊಂಡು ಬಂದ ಆ ಸಂಜೆ, ನನ್ನಷ್ಟು ಜಾಣ ಗಂಡ ಆಗಿನ ಇಡೀ ಧಾರವಾಡ ಜಿಲ್ಲೆಯಲ್ಲೇ ಇರಲಿಲ್ಲ. ಹಾಗೆಂದು ನಾನೇ ತೀರ್ಮಾನಿಸಿದ್ದೆ. ಬೆಳಿಗ್ಗೆ ಹೋಗುವಾಗ ಓಡಿಸಿದ್ದು ಬಣ್ಣ ಹಾರಿದ, ಬಾಗಿಲು ತೆಗೆದರೆ ಹಾಕಲು ಬಾರದ ಬಿಳಿ ಕಾರು. ಅದನ್ನು ಗ್ಯಾರೇಜಿನವನಿಗೆ ಕೊಟ್ಟು, ಮೇಲೆ ಒಂದಿಷ್ಟು ಹಣ ಹಾಕಿ, ಥಳಥಳ ಹೊಳೆಯುವ ಇದನ್ನು ತಂದಿದ್ದೆ. ಇದೂ ಹಳೆಯದೇ. ಆದರೆ ಹಾಗೆ ಕಾಣುತ್ತಿರಲಿಲ್ಲ!

"ಕಾಗದಪತ್ರ ಆಮ್ಯಾಲ ಕಳಸ್ರಿ ಸರ, ನೀವೇನ್ ಓಡಿ ಹೊಕ್ಕೀರೇನು?" ಎಂದು ಗ್ಯಾರೇಜಿನವನು ನೀಡಿದ ಚೀಟಿಗೆ ಧಾರಾಳವಾಗಿ ಸಹಿ ಹಾಕಿದೆ. ಹೈಸ್ಕೂಲಿನಲ್ಲಿ ಗಣಿತ ಹೇಳುವವನ ಸಹಿ, ಚೆಂದವಾಗಿಯೇ ಇತ್ತು.

ಮನೆ ಮುಂದೆ ನಿಂತು ಹಾರ್ನ್ ಹೊಡೆದೆ. ಹೆಂಡತಿ ಶಾರದಾ ಹೊರಗೆ ಬಂದಳು. ಕಾರನ್ನು ನೋಡಿದಳು, ನನ್ನನ್ನು ನೋಡಿದಳು, ರಸ್ತೆಯ ಎರಡೂ ಕಡೆ ನೋಡಿದಳು.

"ನನ್ನ ಕಾರು ಎಲ್ಲೈತ್ರಿ?"

"ಎಕ್ಸ್‌ಚೇಂಜ್!" ಎಂದೆ, ಬಹುಮಾನ ಗೆದ್ದವನ ಧ್ವನಿಯಲ್ಲಿ.

"ಯಾರನ್ನ ಕೇಳಿ ಕೊಟ್ರಿ?"

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಓದುಗರ ಅವಗಾಹನೆಗೆ ತರಬೇಕು. ಬಿಳಿ ಕಾರು ನನ್ನದಾಗಿರಲಿಲ್ಲ. ಗುತ್ತಲದ ನನ್ನ ಮಾವನವರು ಕಣ್ಣು ಮಂಜಾದ ಮೇಲೆ ಅದನ್ನು ಮಗಳ ಹೆಸರಿಗೆ ಮಾಡಿ ಕೊಟ್ಟಿದ್ದರು. ಶಾರದಾ ಕರ್ಜಗಿ ಶಾಲೆಯಲ್ಲಿ ಟೀಚರ್. ದಿನಾ ತಾನೇ ಓಡಿಸಿಕೊಂಡು ಹೋಗಿ ಬರುತ್ತಿದ್ದಳು. ಕಾರು ಓಡಿಸುವ ಹೆಂಗಸು ಆಗ ಎಷ್ಟು ಅಪರೂಪವೆಂದರೆ, ಅವಳು ಬಸ್‌ಸ್ಟ್ಯಾಂಡ್ ದಾಟುವಾಗ ಬಸ್ಸಿನ ಡ್ರೈವರುಗಳೇ ಕಿಟಕಿಯಿಂದ ಕತ್ತು ಹೊರಹಾಕಿ ನೋಡುತ್ತಿದ್ದರು. ಅವಳು ಸ್ವಲ್ಪ ಕುಳ್ಳಿ. ಅದಕ್ಕೆಂದೇ ಮಾವನವರು ಸೀಟನ್ನು ಎತ್ತರಿಸಿ, ಮುಂದಕ್ಕೆ ಜರುಗಿಸಿ ಕೊಟ್ಟಿದ್ದರು. ನೀಲಿ ಕಾರಿನಲ್ಲಿ ಅವಳ ಕಾಲು ಕ್ಲಚ್ಚಿಗೆ ಮುಟ್ಟುತ್ತಲೇ ಇರಲಿಲ್ಲ. ಇದನ್ನು ನಾನು ಅಳೆದು ನೋಡಿರಲಿಲ್ಲ. ಗಣಿತದ ಮಾಸ್ತರು!

ಮರುದಿನದಿಂದ ಅವಳು ಬಸ್ಸಿನಲ್ಲಿ ನಿಂತುಕೊಂಡು ಕರ್ಜಗಿಗೆ ಹೊರಟಳು. ಜಗಳ ಆಡಲಿಲ್ಲ. ಆಡಿದ್ದರೆ ನಾನು ಗೆಲ್ಲುತ್ತಿದ್ದೆ ಎಂದಲ್ಲ, ಮನೆಯಲ್ಲಿ ಒಂದು ಮಾತಾದರೂ ಕೇಳಿಸುತ್ತಿತ್ತು. ರೊಟ್ಟಿ ಬಡಿಯುವ ಸದ್ದು ಮಾತ್ರ ದಿನದಿಂದ ದಿನಕ್ಕೆ ಏರಿತು. ಹತ್ತನೆಯ ದಿನ ಬಾಯಿ ಬಿಟ್ಟಳು:

"ಪಂಚಮಿಗೆ ಬಾ ಅಂತ ಅಪ್ಪ ಕಾಗದ ಬರಸ್ಯಾನ. ಅಂವ ಕೊಟ್ಟ ಕಾರಿನಾಗ ಹೋದ್ರ ಹೊಕ್ಕೇನಿ. ಇಲ್ಲಾಂದ್ರ ಇಲ್ಲ."

ಪಂಚಮಿಗೆ ಮಗಳು ತವರಿಗೆ ಬರಲಿಲ್ಲವೆಂದರೆ ಊರಿಗೆ ಊರೇ ಅಳಿಯನ ವಿಚಾರಣೆ ನಡೆಸುತ್ತದೆ. ಆದರೂ ಎರಡು ದಿನ ಯೋಚಿಸಿದೆ. ಮಾರಿದ್ದನ್ನೇ ಮರಳಿ ಕೊಂಡರೆ ಮಾನ ಹೋಗುತ್ತದೆ, ಕೊಳ್ಳದಿದ್ದರೆ ಮನೆಯೇ ಹೋಗುತ್ತದೆ. ಮೂರನೆಯ ಬೆಳಿಗ್ಗೆ ಅವಳು ಬಸ್ಸಿನ ಬಾಗಿಲಲ್ಲಿ ಜೋತು ನಿಂತಿದ್ದನ್ನು ಕಣ್ಣಾರೆ ಕಂಡೆ. ನಿಜಕ್ಕೂ ನಾಚಿಕೆಯಾಯಿತು. ಮಾನ ಹೋಗಲಿ ಎಂದುಕೊಂಡೆ.

ಗ್ಯಾರೇಜಿನಲ್ಲಿ ವಿಚಾರಿಸಿದರೆ ಕಾರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಹುಸೇನಸಾಬರ ಪಾಲಾಗಿತ್ತು. ಪಕ್ಕದ ಮನೆಯ ಬಸಣ್ಣ ದನದ ಸಂತೆಯಲ್ಲಿ ದಲ್ಲಾಳಿ. ಅವನನ್ನು ಜೊತೆಗೆ ಕರೆದೆ.

"ಎತ್ತಾದರೇನು, ಕಾರಾದರೇನು ಮಾಸ್ತರ? ನಡಿಗಿ ನೋಡೂದು, ಬಾಯಿ ನೋಡೂದು, ರೇಟು ಮುರಿಯೂದು!" ಎಂದು ಟವೆಲ್ ಕೊಡವಿ ಎದ್ದ.

ಹುಸೇನಸಾಬರು ಸಜ್ಜನರು. "ಬರ್ರಿ ಮಾಸ್ತರ, ಕುಂದ್ರಿ, ಚಾ ಕುಡೀರಿ" ಎಂದರು. ಬಿಳಿ ಕಾರು ಅಂಗಳದಲ್ಲೇ ಇತ್ತು. ಹಿಂದಿನ ಸೀಟು ಕಿತ್ತು, ಮೆಣಸಿನಕಾಯಿ ಚೀಲ ತುಂಬಿದ್ದರು. ಬಸಣ್ಣ ಅದರ ಸುತ್ತ ಎರಡು ಸುತ್ತು ಬಂದ, ಬೆನ್ನು ಚಪ್ಪರಿಸಿದ, "ಬಾಯಿ ತಗಸ್ರಿ" ಎಂದು ಬಾನೆಟ್ ಎತ್ತಿಸಿದ. ನಾನು ಒಳಗೆ ಕೂತು ಪರೀಕ್ಷಿಸಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಹಾಗೆನ್ನುವವರನ್ನು ಆ ಕಾರಿನಲ್ಲಿ ಗಾಜು ಏರಿಸಿ ಕೂರಿಸಬೇಕು! ಹೊರಬಂದಾಗ ಎರಡೂ ಕಣ್ಣುಗಳಿಂದ ನೀರು ಧಾರಾಕಾರವಾಗಿ ಹರಿಯುತ್ತಿತ್ತು.

ಸುತ್ತ ಚೀಲ ಹೊರುವ ಹಮಾಲರು ಸೇರಿದ್ದರಿಂದ ಟವೆಲ್ಲಿನ ಕೆಳಗೆ ವ್ಯವಹಾರ ಆಗಲಿ ಎಂದ ಬಸಣ್ಣ. ಇದು ದನದ ಸಂತೆಯ ಪದ್ಧತಿ. ಇಬ್ಬರೂ ಟವೆಲ್ಲಿನ ಮರೆಯಲ್ಲಿ ಕೈ ಕೊಡಬೇಕು. ಒಂದು ಬೆರಳು ಹಿಡಿದರೆ ಒಂದು ಸಾವಿರ. ಒಬ್ಬನೇ ಬೆನ್ನುಬೆನ್ನಿಗೆ ಎರಡು ಸಲ ಹಿಡಿದರೆ ಎರಡನ್ನೂ ಕೂಡಿಸಬೇಕು. ಬಾಯಿ ಬಿಡುವಂತಿಲ್ಲ.

"ನಾ ಕೈ ಕೊಡತೇನಿ, ನೀವು ಸುಮ್ನ ನಿಂದರ್ರಿ" ಎಂದ ಬಸಣ್ಣ.

"ಐದು ಬೆರಳು ಎಣಿಸಲು ನನಗೆ ಬಾರದೇನು?" ಎಂದು ನಾನೇ ಕೈ ಚಾಚಿದೆ.

"ಆತು. ನಾಕರ ಮ್ಯಾಲ ಏರಬ್ಯಾಡ್ರಿ ಮತ್ತ!"

ಗಂಭೀರವಾಗಿ ಮೂರು ಬೆರಳು ಹಿಡಿದೆ. ಹುಸೇನಸಾಬರು ನಾಲ್ಕು ಹಿಡಿದರು. ಮೂರಕ್ಕೇ ಗಟ್ಟಿಯಾಗಿ ನಿಲ್ಲಬೇಕೆನ್ನುವಷ್ಟರಲ್ಲಿ ಮೂಗಿನೊಳಗೆ ಏನೋ ಏರಿತು. ಆಕ್ಷೀ! ಸೀನಿನ ರಭಸಕ್ಕೆ ಅವರ ಐದೂ ಬೆರಳು ನನ್ನ ಮುಷ್ಟಿಯೊಳಗೆ! ಸಾಹೇಬರು ಬೆಚ್ಚಿಬಿದ್ದರು. ಬಿಡಿಸಿಕೊಂಡು ಸುಧಾರಿಸುವುದರೊಳಗೆ ಇನ್ನೊಂದು ಸೀನು, ಮತ್ತೆ ಐದು. ಒಟ್ಟು ಹತ್ತು ಸಾವಿರ. ಆ ಕಾರನ್ನು ಮಾವನವರು ಕೊಂಡಾಗಲೂ ಅಷ್ಟು ಬೆಲೆ ಇರಲಿಲ್ಲ!

ಹುಸೇನಸಾಬರು ಟವೆಲ್ ಸರಿಸಿದರು. ನನ್ನ ಕಣ್ಣೀರನ್ನೇ ನೋಡುತ್ತಾ ಕೇಳಿದರು:

"ಮಾಸ್ತರ, ಖರೇ ಹೇಳ್ರಿ. ಇದರಾಗ ಏನ್ ಇಟ್ಟು ಮರತೀರಿ?"

"ಏನೂ ಇಲ್ಲರಿ!"

"ಏನೂ ಇಲ್ಲದ ಗಾಡಿಗೆ ಅಳಕೋಂತ ಹತ್ತು ಸಾವಿರ ಯಾರು ಕೊಡ್ತಾರ್ರಿ? ನಾ ಮಾರೂದಿಲ್ಲ. ಏ, ಚೀಲಾ ಇಳಸ್ರಲೇ!"

ಹಮಾಲರು ಕಾರನ್ನು ಜಾಲಾಡಿದರು. ಚಾಪೆ ಎತ್ತಿದರು, ಮುಂದಿನ ಸೀಟಿನ ಕೆಳಗೆ ಕೈ ಹಾಕಿದರು. ಸಿಕ್ಕಿದ್ದು ಎರಡು ತುಂಡು ಸೀಮೆಸುಣ್ಣ, ಒಂದು ಹೇರ್‌ಪಿನ್. ಸಾಹೇಬರು ಹೇರ್‌ಪಿನ್ ಎತ್ತಿ ಹಿಡಿದು ನನ್ನ ಮುಖ ನೋಡಿದರು. ಹಮಾಲರು ಇನ್ನೂ ಹತ್ತಿರ ಬಂದರು. ಇನ್ನು ತಡೆದರೆ ಬೇರೆ ಕಥೆಯೇ ಹುಟ್ಟುತ್ತದೆಂದು ಎಲ್ಲವನ್ನೂ ಒಪ್ಪಿಕೊಂಡೆ. ಹೆಂಡತಿಯ ಕಾರನ್ನು ಅವಳಿಗೆ ಹೇಳದೆ ಕೊಟ್ಟದ್ದು, ಅವಳು ಬಸ್ಸಿನಲ್ಲಿ ಜೋತಾಡುವುದು, ಪಂಚಮಿ, ಎಲ್ಲ. ಅರ್ಧಕ್ಕೇ ಹಮಾಲರು ನಗಲು ಶುರು ಮಾಡಿದ್ದರು.

ಹುಸೇನಸಾಬರು ನಗಲಿಲ್ಲ. "ಕಾರು ಅಕ್ಕಾರದು. ನಿಮ್ಮ ಕೂಡ ಏನ್ ಮಾತಾಡೂದೈತಿ? ಅವರನ್ನ ಕರಕೊಂಡ ಬರ್ರಿ" ಎಂದರು.

ಭಾನುವಾರ ನೀಲಿ ಕಾರಿನಲ್ಲಿ ಶಾರದಾಳನ್ನು ಕರೆದೊಯ್ದೆ. ಬಸಣ್ಣನೂ ಬಂದ. ದಾರಿಯಲ್ಲಿ "ತಪ್ಪಾಯಿತು" ಎಂದೆ.

"ಮಾರಿದ್ದಕ್ಕ ಸಿಟ್ಟಿಲ್ಲರಿ. ಒಂದು ಮಾತು ಕೇಳಲಿಲ್ಲಲ್ಲ, ಅದಕ್ಕ" ಎಂದಳು.

ಅವಳು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಬಿಳಿ ಕಾರು ಹತ್ತಿದಳು. ಕ್ಲಚ್ಚಿನ ಮೇಲೆ ಕಾಲಿಟ್ಟಾಗ ಅವಳ ಮುಖ ಅರಳಿತು. ಹದಿನೈದು ದಿನಗಳ ಮೇಲೆ ಕಂಡ ಆ ನಗುವಿಗೆ ನನ್ನ ಕಣ್ಣು ತುಂಬಿತು, ಈ ಸಲ ಮೆಣಸಿನಕಾಯಿಯ ಹಂಗಿಲ್ಲದೆ. ಅಂಗಳದಲ್ಲಿ ಒಂದು ಸುತ್ತು ಹೊಡೆದು ಇಳಿದಳು.

"ಸಾಹೇಬರ, ನಿಮಗ ಚೀಲಾ ಹೇರಾಕ ಗಾಡಿ ಬೇಕು, ನನಗ ಇದು ಬೇಕು. ನೀಲಿ ಗಾಡಿ ಡಿಕ್ಕಿ ದೊಡ್ಡದೈತಿ, ನೋಡ್ರಿ. ಅದನ್ನ ತಗೊಂಡು ಇದನ್ನ ಕೊಡ್ರಿ. ನನ್ನ ಹಿಂದಿನ ಸೀಟೂ ಕೊಡ್ರಿ."

ಸಾಹೇಬರು ಡಿಕ್ಕಿ ನೋಡಿದರು, ತಲೆಯಾಡಿಸಿದರು. ಟವೆಲ್ ಇಲ್ಲ, ಬೆರಳಿಲ್ಲ, ಸೀನಿಲ್ಲ. ಐದೇ ನಿಮಿಷ!

ಗುಮಾಸ್ತ ಕರಾರು ಬರೆದ. ಶಾರದಾ ಬ್ಯಾಗಿನಿಂದ ಬಿಳಿ ಕಾರಿನ ಕಾಗದ ತೆಗೆದು ತೋರಿಸಿ ಸಹಿ ಮಾಡಿದಳು, ಸಾಹೇಬರೂ ಮಾಡಿದರು. "ಸಾಕ್ಷಿಗೆ ಯಾರ್ರಿ?" ಎಂದ ಗುಮಾಸ್ತ. ಕೊನೆಗೂ ನನ್ನಿಂದ ಒಂದು ಉಪಯೋಗವಾಯಿತೆಂದು ಪೆನ್ನಿನ ಟೊಪ್ಪಿಗೆ ತೆಗೆದು ಮುಂದೆ ಬಂದೆ.

"ಇವರದು ಬ್ಯಾಡ್ರಿ," ಎಂದಳು ಶಾರದಾ. "ಇವರು ಎಲ್ಲಿ ಸಹಿ ಮಾಡ್ತಾರೋ ಅಲ್ಲೊಂದು ಕಾರು ಹೊಕ್ಕೈತಿ. ಬಸಣ್ಣಾರ ಹಾಕ್ಲಿ."

ಬಸಣ್ಣನಿಗೆ ಓದು ಬರಹ ಬಾರದು. ಇಪ್ಪತ್ತು ವರ್ಷದಿಂದ ಊರ ಮಕ್ಕಳಿಗೆ ಪಾಠ ಹೇಳಿದ ನಾನು ಪೆನ್ನನ್ನು ಜೇಬಿಗಿಳಿಸಿ, ಮಸಿಯ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತೆ. ಬಸಣ್ಣ ಹೆಬ್ಬೆಟ್ಟು ಒತ್ತಿದ!