ನಿಂತ ಮಹಾರಾಜರೂ ತೇಲುಪುಡಿಯೂ

ಬಹಳ ಹಿಂದೆ, ನಿಮ್ಮ ನೆನಪಿಗೂ ನನ್ನ ಧೈರ್ಯಕ್ಕೂ ಎಟುಕದಷ್ಟು ಹಿಂದೆ, ಸ್ಥಿರಾವತಿ ಎಂಬ ರಾಜ್ಯವೊಂದಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಉನ್ನತಭೂಪರು. ಅವರ ಬಿರುದುಗಳನ್ನೆಲ್ಲ ಬರೆದರೆ ಈ ಅಂಕಣದಲ್ಲಿ ಕತೆಗೆ ಜಾಗ ಉಳಿಯುವುದಿಲ್ಲ, ಕ್ಷಮಿಸಿ.

ಆ ರಾಜ್ಯದಲ್ಲಿ ತಲೆತಲಾಂತರದಿಂದ ಒಂದು ಮರ್ಯಾದೆ ನಡೆದುಬಂದಿತ್ತು. ಅರಸ ನಿಂತಿರುವಾಗ ಪ್ರಜೆ ಕೂರುವಂತಿಲ್ಲ. ಅರಸರು ನಿಲ್ಲುವುದೇ ಅಪರೂಪವಾದ್ದರಿಂದ ಯಾರಿಗೂ ತೊಂದರೆಯಿರಲಿಲ್ಲ. ಉನ್ನತಭೂಪರು ಪಟ್ಟಕ್ಕೆ ಬಂದದ್ದೇ ತಡ, ಮಹಾಮಂತ್ರಿ ತಥಾಸ್ತುರಾಯರು 'ದರ್ಶನಭಾಗ್ಯ ಯೋಜನೆ'ಯಡಿ ಸಂತೆ, ಬಾವಿಕಟ್ಟೆ, ಹೊಲ, ಕುಲುಮೆ, ಎಲ್ಲೆಂದರಲ್ಲಿ ಮಹಾರಾಜರ ಕಲ್ಲಿನ ವಿಗ್ರಹ ನಿಲ್ಲಿಸಿದರು. ಹೌದು ಸ್ವಾಮಿ, ನಿಲ್ಲಿಸಿದರು. ವಿಗ್ರಹವೂ ಸಾಕ್ಷಾತ್ ಅರಸರೇ ಎಂದು ಆಸ್ಥಾನ ಪಂಡಿತರು ತೀರ್ಪಿತ್ತರು. ಅಲ್ಲಿಗೆ ಜನ ಕೂರುವುದು ಮುಗಿಯಿತು.

ಕುಂಬಾರರು ನಿಂತೇ ತಿಗರಿ ತಿರುಗಿಸಿದರು, ಮಡಕೆಗಳು ಸೊಟ್ಟಗಾದವು. ಚಮ್ಮಾರರು ನಿಂತೇ ಚಪ್ಪಲಿ ಹೊಲಿದರು. ಸೊಪ್ಪು ಮಾರುವ ಅಜ್ಜಿಯರು ನಿಂತೇ ತೂಕಡಿಸಿದರು. ಸಂಜೆ ಹೊತ್ತಿಗೆ ಎಲ್ಲರ ಕಾಲೂ ಬಾತುಕೊಂಡಿರುತ್ತಿತ್ತು. ಆಗ ಸಂತೆಗೆ ತೇಲುಪುಡಿ ಬಂತು. ಒಂದು ಚಿಟಿಕೆ ನಾಲಿಗೆಯಡಿ ಇಟ್ಟರೆ ಸೊಂಟದಿಂದ ಕೆಳಗೆ ಏನೂ ಇಲ್ಲವೆನಿಸುತ್ತಿತ್ತು. ಮೊದಮೊದಲು ಜನ ಅದನ್ನು ಕಾಲು ನೋವಿಗೆಂದು ತಿಂದರು. ಆಮೇಲೆ ತಿನ್ನದಿದ್ದರೆ ಕೈ ನಡುಗುತ್ತದೆಂದು ತಿಂದರು. ಕೊನೆಗೆ ಯಾಕೆ ತಿನ್ನುತ್ತಿದ್ದೇವೆ ಎಂದು ಕೇಳಿಕೊಳ್ಳುವ ತ್ರಾಣವೂ ಇಲ್ಲದೆ ತಿಂದರು. ಪುಡಿಯ ವ್ಯಾಪಾರಿ ತಥಾಸ್ತುರಾಯರ ಭಾವಮೈದ ಎಂಬುದು ಕೇವಲ ಕಾಕತಾಳೀಯ. ಹಾಗೆಂದು ಖುದ್ದು ತಥಾಸ್ತುರಾಯರೇ ಸ್ಪಷ್ಟನೆ ಕೊಟ್ಟಿದ್ದಾರೆ.

ಒಮ್ಮೆ ಮಹಾರಾಜರ ಮೆರವಣಿಗೆಯಲ್ಲಿ ಜೈಕಾರ ಹಾಕಬೇಕಿದ್ದ ಜನ ಪುಡಿಯ ಮತ್ತಿನಲ್ಲಿ ಬಾಯಿ ತೆರೆದು ಆಕಳಿಸಿಬಿಟ್ಟರು. ಮಹಾರಾಜರು ಗಾಬರಿಯಾಗಿ ತಥಾಸ್ತುರಾಯರತ್ತ ತಿರುಗಿದರು.

"ನಮ್ಮಂಥ ದೊರೆ ಇದ್ದೂ ಪ್ರಜೆಗಳಿಗೆ ನಶೆ ಯಾಕೆ ಬೇಕು, ರಾಯರೇ?"

"ತಮ್ಮನ್ನು ಕಂಡ ಸಂತೋಷ ತಡೆಯಲಾಗದೆ ಇರಬಹುದು, ಪ್ರಭೂ."

ಇದು ನಿಜವೇ ಇರಬೇಕೆಂದು ಮಹಾರಾಜರಿಗೆ ಅನ್ನಿಸಿತಾದರೂ, ಇರಲಿ ಎಂದು ಒಂದು ಟಾಸ್ಕ್ ಫೋರ್ಸ್ ರಚಿಸಿದರು. ಅದರ ಸದಸ್ಯರು ಪಲ್ಲಕ್ಕಿಯಲ್ಲಿ ಕ್ಷೇತ್ರಕಾರ್ಯ ಮಾಡಿ, ವ್ಯಸನಕ್ಕೆ ಕಾರಣ ಕೆಟ್ಟ ಸಹವಾಸ, ಪರದೇಶದ ಗಾಳಿ ಮತ್ತು ಹೆಂಗಸರು ಸಾರಿಗೆ ಉಪ್ಪು ಕಡಿಮೆ ಹಾಕುವುದು ಎಂದು ವರದಿ ಒಪ್ಪಿಸಿದರು. ಕಾಲಿನ ಸುದ್ದಿ ಅದರಲ್ಲಿ ಬರಲೇ ಇಲ್ಲ. ಪಾಪ, ಅವರದೇನೂ ತಪ್ಪಿಲ್ಲ. ಆಸ್ಥಾನದಲ್ಲಿ ಮಹಾರಾಜರು ಸದಾ ಸಿಂಹಾಸನದಲ್ಲಿ ಕೂತಿರುತ್ತಿದ್ದರು, ಹಾಗಾಗಿ ಇವರೂ ಸದಾ ಕೂತೇ ಇರುತ್ತಿದ್ದರು.

ವರದಿ ಬಿಡುಗಡೆಯ ಸಮಾರಂಭಕ್ಕೆ ಸಾರ್ವಜನಿಕರ ಪೈಕಿ ಒಬ್ಬರಾದರೂ ಬೇಕಲ್ಲ, ಕುಂಬಾರ ಮುದ್ದಯ್ಯನ ಹೆಂಡತಿ ದುಂಡಮ್ಮನನ್ನು ಕರೆತಂದರು. ಮುದ್ದಯ್ಯ ಪುಡಿಗೆ ಬಿದ್ದು ಮನುಷ್ಯನೇ ಅಲ್ಲ ಎನ್ನುವಂತಾಗಿದ್ದ. ರಾಜ್ಯದಲ್ಲಿ ವಿಗ್ರಹವಿಲ್ಲದ ಜಾಗವೆಂದರೆ ಮನೆಯೊಂದೇ. ದುಂಡಮ್ಮ ಗಂಡನನ್ನು ಅಲ್ಲೇ ಚಾಪೆಯ ಮೇಲೆ ಮಲಗಿಸಿ ಬಾಗಿಲು ಹಾಕಿದ್ದಳು. ಅವನು ಬೆವತ, ವಾಂತಿ ಮಾಡಿಕೊಂಡ, ಅವಳ ಏಳು ತಲೆಮಾರನ್ನೂ ಬೈದ. ಅವಳು ಜಗ್ಗಲಿಲ್ಲ. ಅವತ್ತು ಬೆಳಿಗ್ಗೆ ಅವನು ಪುಡಿ ಕೇಳುವ ಬದಲು, "ಒಸಿ ಅಂಬ್ಲಿ ಕೊಡೇ," ಎಂದಿದ್ದ. ಆ ಮಾತಿನ ಖುಷಿಯಲ್ಲೇ ಅವಳು ಅರಮನೆಯ ಮೆಟ್ಟಿಲು ಹತ್ತಿದ್ದಳು.

"ಕೂತು ಮಾತಾಡಮ್ಮ," ಎಂದರು ಮಹಾರಾಜರು.

ದುಂಡಮ್ಮ ಕೂತಳು. ಕೂತ ಕೂಡಲೇ ಅವಳಿಗೆ ಅಳು ಒತ್ತರಿಸಿ ಬಂತು.

"ನೋಡಿ ಬುದ್ಧೀ, ಇಷ್ಟೇಯ ನಮ್ ಕಾಯ್ಲೆಗೆ ಮದ್ದು, ಕುಂತ್ಕಳದು. ನಮ್ಮನೆಯವ್ರು ಕೆಟ್ಟೋರಲ್ಲ. ನಿಂತೂ ನಿಂತೂ ಕಾಲು ಸತ್ತೋದ್ವು, ಅದ್ಕೇ ಪುಡಿ ಹಿಡುದ್ರು. ಮನೇಲಿ ಮನಗ್ಸಿವ್ನಿ, ಈಗ ಒಸಿ ಚೇತರಿಸ್ಕತಾವ್ರೆ. ನಾಳೆ ದಿನ ಕೆಲ್ಸಕ್ಕೋಗ್ಬೇಕಲ್ಲ? ತಿಗರಿ ಮುಂದ್ಗಡೆ ನೀವು ನಿಂತ್ಬುಟ್ಟಿದ್ದೀರ. ಅದೊಂದ್ ವಿಗ್ರಹನಾದ್ರೂ ಕುಂತಿರಂಗೆ ಕೆತ್ತಿಸ್ಬುಡಿ ಬುದ್ಧಿ, ನಿಮ್ ಕಾಲಿಗ್ ಬೀಳ್ತೀನಿ."

ಮಹಾರಾಜರು ಒಂದು ಗಳಿಗೆ ನಿಜಕ್ಕೂ ಯೋಚನೆ ಮಾಡಿದರು. ಸ್ಥಿರಾವತಿಯ ಚರಿತ್ರೆಯಲ್ಲಿ ಅಂಥದ್ದು ಹಿಂದೆ ನಡೆದಿರಲಿಲ್ಲ.

"ಕೂತರೆ ನಾವು ಗಿಡ್ಡಗೆ ಕಾಣುತ್ತೇವೆಯೇ, ರಾಯರೇ?"

"ಛೆ ಛೆ, ಗಿಡ್ಡಗಲ್ಲ ಪ್ರಭೂ. ರಿಟೈರ್ ಆದಂತೆ ಕಾಣುತ್ತೀರಿ."

ಮಹಾರಾಜರು ಯೋಚನೆ ಮಾಡುವುದನ್ನು ನಿಲ್ಲಿಸಿದರು. ತಥಾಸ್ತುರಾಯರು ಎದ್ದು ಗಂಟಲು ಸರಿಮಾಡಿಕೊಂಡರು.

"ಈ ತಾಯಿ ನಮ್ಮ ಕಣ್ಣು ತೆರೆಸಿದ್ದಾಳೆ! ವ್ಯಸನಿಗಳು ಎಲ್ಲಿ ಅವಿತಿದ್ದಾರೆ? ಮನೆಯೊಳಗೆ! ಪ್ರಭುಗಳ ದರ್ಶನವಿಲ್ಲದ ಏಕೈಕ ತಾಣವೇ ಮನೆ. ಆದ್ದರಿಂದ ಇಂದಿನಿಂದ 'ವ್ಯಸನಮುಕ್ತ ಗೃಹ ಅಭಿಯಾನ', ಮನೆಗೊಂದು ವಿಗ್ರಹ. ಖರ್ಚು ಮನೆಯವರದೇ. ದುಂಡಮ್ಮನವರಿಗೆ ಮಾತ್ರ ಮೊಟ್ಟಮೊದಲ ವಿಗ್ರಹ ಉಚಿತ!"

"ಬ್ಯಾಡ ಬುದ್ಧಿ, ನಿಮ್ ದಮ್ಮಯ್ಯ, ನಮ್ಮನೆಗ್ ಬ್ಯಾಡ!" ಎಂದು ದುಂಡಮ್ಮ ಕೂಗಿಕೊಂಡಳು. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಲಿಲ್ಲ. ಅವಳಿಗೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಕಳಿಸಿಕೊಟ್ಟರು.

ಅವಳು ಓಡಿ ಮನೆ ಮುಟ್ಟುವಷ್ಟರಲ್ಲಿ ವಾದ್ಯದವರು ಅಲ್ಲಿದ್ದರು. ಒಳಗೆ, ಚಾಪೆಯ ತಲೆದೆಸೆಯಲ್ಲಿ, ಮಹಾರಾಜರು ಸೂರಿಗೆ ಕಿರೀಟ ತಾಗಿಸಿಕೊಂಡು ನಿಂತಿದ್ದರು. ಮಲಗುವುದು ಕೂರುವುದಕ್ಕಿಂತ ದೊಡ್ಡ ಅಪರಾಧ ಎಂದು ಪಂಡಿತರು ಆಗಲೇ ವಿವರಣೆ ಹೊರಡಿಸಿದ್ದರು. ಸಿಪಾಯಿಗಳಿಬ್ಬರು ಮುದ್ದಯ್ಯನನ್ನು ಎಬ್ಬಿಸಿ ನಿಲ್ಲಿಸಿ, ಬಾಗಿಲಿಗೆ 'ವ್ಯಸನಮುಕ್ತ ಗೃಹ' ಎಂಬ ಬೋರ್ಡು ಹೊಡೆದು, ಹೊರಗೆ ಕಾವಲಿಗೆ ನಿಂತರು. ಮುದ್ದಯ್ಯ ಎದುರಿಗಿಟ್ಟ ಅಂಬಲಿ ಮುಟ್ಟಲಿಲ್ಲ. ಅವನ ತೊಡೆಗಳು ಗಡಗಡ ನಡುಗುತ್ತಿದ್ದವು.

"ದುಂಡೀ, ಒಂದೇ ಒಂದ್ ಚಿಟಿಕೆ ಕಣೇ. ಕಾಲು ಕಿತ್ತಾಕಂಗಾಯ್ತದೆ."

"ಸುಮ್ಕಿರಿ ಅಂದ್ರೆ! ಇಷ್ಟ್ ದಿನ ತಡ್ಕಂಡಿಲ್ವ?" ಎಂದು ಗದರಿದಳು. ಅವನ ತೋಳನ್ನು ತನ್ನ ಹೆಗಲಿಗೇರಿಸಿಕೊಂಡು ತಾನೂ ನಿಂತಳು. ಅವನ ಭಾರವೆಲ್ಲ ಅವಳ ಮೇಲೆಯೇ ಬಿತ್ತು. ಮಧ್ಯಾಹ್ನ ಕಳೆಯಿತು, ಅವನು ಅಳತೊಡಗಿದ. ಬಿಸಿಲು ಇಳಿಯುವ ಹೊತ್ತಿಗೆ ಅವಳ ಮಂಡಿಗಳೂ ಕುಸಿಯತೊಡಗಿದವು.

ಅವನನ್ನು ಗೋಡೆಗೆ ಒರಗಿಸಿ ಅವಳು ಸಂತೆಗೆ ನಡೆದಳು. ತಥಾಸ್ತುರಾಯರ ಭಾವಮೈದ ಅಭಿಯಾನದ ಬಾವುಟದ ಕೆಳಗೆ, ವಿಶೇಷ ವಿನಾಯಿತಿ ಪಡೆದ ಕುರ್ಚಿಯಲ್ಲಿ, ಆರಾಮಾಗಿ ಕೂತಿದ್ದ.

"ಏನ್ ದುಂಡಮ್ಮ, ಯಜಮಾನ್ರಿಗಾ?"

"ಇಬ್ಬರ್ಗೂ ಕೊಡಪ್ಪ," ಎಂದು ದುಂಡಮ್ಮ ಸೆರಗೊಡ್ಡಿದಳು.