ಹಾಸಿನ ಮೇಲೆ ಉಳಿದ ನಟ್ಟು

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂದು ಮೂರು ಸಲ ಯೋಚಿಸಿದೆ. ಮೂರು ಸಲವೂ ಇಲ್ಲವೆಂದೇ ಅನ್ನಿಸಿತು. ರೇಸ್ ಕಾರಿನ ಎಂಜಿನ್ ಹಾಗಿರಲಿ, ಮನೆಯ ನಲ್ಲಿಯನ್ನು ಬಿಚ್ಚಿದರೂ ಮತ್ತೆ ಕೂಡಿಸಲು ನನಗೆ ಬಾರದು. ಬಲ್ಲವರು ಓದಿದರೆ ತಪ್ಪಿದ್ದ ಕಡೆ ದಯವಿಟ್ಟು ಕ್ಷಮಿಸಬೇಕು. ಎಂಜಿನ್ ಜೋಡಿಸುವ ಫಿಟ್ಟರನ ಹೆಂಡತಿ ಹೇಳಿದ್ದಕ್ಕೂ ಪಕ್ಕದಂಗಡಿಯ ಟೈಲರ್ ಹೇಳಿದ್ದಕ್ಕೂ ತಾಳೆಯಾಗುತ್ತದೆ ಎಂಬ ಒಂದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಫಿಟ್ಟರನನ್ನೇ ಕೇಳೋಣವೆಂದರೆ, ಆ ದಿನದ ಮಾತೆತ್ತಿದರೆ ಸಾಕು, ಅವನು ನೆಲ ನೋಡಲು ಶುರುಮಾಡುತ್ತಾನೆ.

ತೊಂದರೆಗೆ ಕಾರಣ ಒಂದು ನಟ್ಟು. ಕಿರುಬೆರಳ ಉಗುರಿನಷ್ಟು ಅಗಲದ, ಆರು ಮೂಲೆಯ, ಸಾಮಾನ್ಯ ನಟ್ಟು.

ಅಂದು ಬೆಳಿಗ್ಗೆ ಏಳೂವರೆಗೆ, ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಹನ್ನೊಂದು ದಿನದ ಕೆಲಸ ಮುಗಿಸಿ ಫಿಟ್ಟರ್ ಕೊನೆಯ ಬೋಲ್ಟನ್ನು ಬಿಗಿದ. ಕೈ ಒರೆಸಿಕೊಂಡು, ಸಮಾಧಾನದ ಉಸಿರು ಬಿಡಲೆಂದು ಹಿಂದೆ ತಿರುಗಿದ. ಉಸಿರು ಅರ್ಧಕ್ಕೇ ನಿಂತಿತು. ಬಿಳಿ ಹಾಸಿನ ನಟ್ಟನಡುವೆ ಒಂದು ನಟ್ಟು, ಎಲ್ಲರೂ ಎದ್ದುಹೋದ ಮೇಲೂ ಕೂತೇ ಇರುವ ನೆಂಟನ ಹಾಗೆ, ಕೂತಿತ್ತು.

ಈ ಹಾಸಿನ ವಿಷಯ ಹೇಳಬೇಕು. ಫಿಟ್ಟರನಿಗೆ ಕೆಲಸ ಕಲಿಸಿದ ಗುರು ಒಂದು ಪದ್ಧತಿ ಹಾಕಿಕೊಟ್ಟಿದ್ದ. ಎಂಜಿನ್ನಿನ ಪ್ರತಿಯೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಬಿಳಿ ಬಟ್ಟೆಯ ಮೇಲಿಡಬೇಕು. ಜೋಡಿಸುವಾಗ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಹಾಸು ಖಾಲಿಯಾದರೆ ಎಂಜಿನ್ ಪೂರ್ತಿಯಾಯಿತು ಎಂದರ್ಥ. "ಎಣಿಸೋಕೆ ಹೋಗ್ಬೇಡ ಕಣೋ. ಎಣಿಕೆ ತಪ್ಪತ್ತೆ, ಹಾಸು ತಪ್ಪಲ್ಲ" ಎನ್ನುತ್ತಿದ್ದ. ಇಪ್ಪತ್ತು ವರ್ಷದಿಂದ ಫಿಟ್ಟರ್ ಒಂದು ನಟ್ಟನ್ನೂ ಎಣಿಸಿರಲಿಲ್ಲ. ಹಾಸು ಹೆಂಡತಿಯ ಮಂಚದ್ದು. ಭಾಗಗಳನ್ನು ತೊಳೆದಿಡುವವಳೂ ಅವಳೇ.

ಈ ಎಂಜಿನ್ ಅವನು ಒಬ್ಬನೇ ಕಟ್ಟಿದ ಮೊದಲ ರೇಸ್ ಎಂಜಿನ್. ಅದಕ್ಕೊಂದು ಟರ್ಬೊ. ಎಂಜಿನ್ ಬಿಡುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಆ ಬಲದಿಂದ ಎಂಜಿನ್ನಿನೊಳಗೆ ಇನ್ನಷ್ಟು ಗಾಳಿ ತುರುಕುವ ಯಂತ್ರವದು. ಸಾಕು ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದವರಿಗೂ ಬಡಿಸಿಯೇ ತೀರುವ ಅತ್ತೆಯಂತೆ. ಸಂಜೆ ನಾಲ್ಕಕ್ಕೆ ಎಂಜಿನ್ ರೇಸ್ ತಂಡದ ಯಜಮಾನಿಯ ಪರೀಕ್ಷಾ ಕೋಣೆಯಲ್ಲಿರಬೇಕು. ಮುನ್ನೂರು ಅಶ್ವಶಕ್ತಿ ತೋರಿಸಿದರೆ ತಂಡದ ಎಂಜಿನ್ ಕೆಲಸವೆಲ್ಲ ಇನ್ನು ಅವನದು. ತೋರಿಸದಿದ್ದರೆ ಸೋಮವಾರದಿಂದ ಭಾವನ ನೀರಿನ ಪಂಪು ರಿಪೇರಿ ಅಂಗಡಿ. ಭಾವ ಆರು ವರ್ಷದಿಂದ ಕರೆಯುತ್ತಲೇ ಇದ್ದ. ಅವನ ಅಂಗಡಿಯಲ್ಲಿ ಒಂದು ಸ್ಟೂಲೂ ಕಾದಿತ್ತು.

"ಇಲ್ಲಿ ಬಾರೇ ಸ್ವಲ್ಪ" ಎಂದು ಫಿಟ್ಟರ್ ಮೆಲ್ಲಗೆ ಕರೆದ. "ಈ ನಟ್ಟು ಎಂಜಿನ್‌ದೇನಾ?"

"ಹಾಸಿನ ಮೇಲೆ ಇರೋದು ಮತ್ತಿನ್ಯಾರ್ದು? ನಾನೇ ತೊಳೆದಿಟ್ಟಿದೀನಿ" ಎಂದಳು ಹೆಂಡತಿ.

ಮೆಲ್ಲಗೆ ಕರೆದದ್ದು ಟೈಲರನಿಗೆ ಕೇಳಿಸಿತು. ಟೈಲರ್ ಬಂದದ್ದನ್ನು ಮಹಡಿಯ ಮೇಲಿನ ನಿವೃತ್ತ ಲೆಕ್ಕದ ಮೇಷ್ಟ್ರು ನೋಡಿದರು. ಐದು ನಿಮಿಷದಲ್ಲಿ ನಟ್ಟಿನ ಸುತ್ತ ಜನ ಹೆಣ ನೋಡಲು ಬಂದವರಂತೆ ನಿಂತಿದ್ದರು. ಅಷ್ಟರಲ್ಲಿ ಭಾವನೂ ಬಂದು, ಶೆಡ್ಡಿನಲ್ಲಿದ್ದ ಒಂದೇ ಕಬ್ಬಿಣದ ಕುರ್ಚಿಯಲ್ಲಿ ಎಂದಿನಂತೆ ತನ್ನ ಭಾರವನ್ನೆಲ್ಲ ಇಳಿಬಿಟ್ಟ. ಕುರ್ಚಿ ಎಂದಿನಂತೆ ನರಳಿತು, ಅಂದು ಒಂದಿಷ್ಟು ಜಾಸ್ತಿಯೇ.

"ಪಂಪಲ್ಲಿ ಹಿಂಗೆಲ್ಲ ಆಗಲ್ಲ ನೋಡು" ಎಂದ ಭಾವ. "ನಾಕೇ ನಾಕು ನಟ್ಟು. ಉಳಿದ್ರೂ ಗೊತ್ತಾಗತ್ತೆ, ಹೋದ್ರೂ ಗೊತ್ತಾಗತ್ತೆ."

"ಜೇಬಿಗೆ ಹಾಕ್ಕೊಂಡು ಸುಮ್ನಿದ್ಬಿಡಿ" ಎಂದ ಟೈಲರ್. "ನಾನು ಕೋಟು ಹೊಲಿದಾಗ ಒಂದೊಂದ್ಸಲ ಗುಂಡಿ ಉಳಿಯತ್ತೆ. ಯಾರೂ ಸತ್ತಿಲ್ಲ."

"ಕೋಟು ಒಂದು ನಿಮಿಷಕ್ಕೆ ಏಳು ಸಾವಿರ ಸುತ್ತು ತಿರುಗಲ್ಲಪ್ಪ" ಎಂದ ಫಿಟ್ಟರ್. ಕಣ್ಣು ಮುಚ್ಚಿದರೆ ಎಂಜಿನ್ ಒಡೆದು ಯಜಮಾನಿಯ ಕೋಣೆಯ ಛಾವಣಿಗೆ ಹಾರುವುದು ಕಾಣಿಸುತ್ತಿತ್ತು, ಕಣ್ಣು ತೆರೆದರೆ ಭಾವ.

"ಬಿಚ್ಚಿ ನೋಡಿ. ಬೇರೆ ದಾರಿ ಇಲ್ಲ" ಎಂದು ಮೇಷ್ಟ್ರು ತೀರ್ಪು ಕೊಟ್ಟರು.

ಬಿಚ್ಚಿದರು. ಟರ್ಬೊ ಇಳಿಯಿತು, ಹೊಗೆ ಕೊಳವೆ ಇಳಿಯಿತು, ಎಂಜಿನ್ನಿನ ತಲೆ ಇಳಿಯಿತು, ಎಣ್ಣೆಯ ತೊಟ್ಟಿ ಇಳಿಯಿತು. ಬಂದ ನಟ್ಟುಗಳನ್ನೆಲ್ಲ ಹೆಂಡತಿ ಒಂದು ತಟ್ಟೆಗೆ ಹಾಕುತ್ತಿದ್ದಳು. ಮೇಷ್ಟ್ರಿಗೆ ಎಣಿಸುವ ಚಟ ತಡೆಯಲಾಗಲಿಲ್ಲ. ಹಾಸಿನ ಮೇಲಿನ ನಟ್ಟಿನ ಅಳತೆಯವೇ ಮೂವತ್ತನಾಲ್ಕು ಎಂದು ಘೋಷಿಸಿದರು. ಗುರುವಿನ ಮಾತು ನೆನೆದು ಫಿಟ್ಟರ್ ಕಿವಿ ಮುಚ್ಚಿಕೊಂಡ.

ಹನ್ನೊಂದು ಗಂಟೆಗೆ ಗೊತ್ತಾದದ್ದು ಇಷ್ಟು: ಪ್ರತಿಯೊಂದು ಬೋಲ್ಟಿನ ಮೇಲೂ ಅದರದರ ನಟ್ಟು ಇತ್ತು. ಎಲ್ಲೂ ಏನೂ ಬಿಟ್ಟುಹೋಗಿರಲಿಲ್ಲ.

"ಹಾಗಾದ್ರೆ ಇದು ಹೆಚ್ಚಿಂದು" ಎಂದರು ಮೇಷ್ಟ್ರು.

"ಹೆಚ್ಚಿಗೆ ನಟ್ಟು ಯಾರಾದ್ರೂ ಕೊಡ್ತಾರಾ ಮೇಷ್ಟ್ರೆ?" ಎಂದು ಭಾವ ಎದ್ದ. "ಇವನ ಕಣ್ಣಿಗೆ ಬೀಳದ ಜಾಗ ಒಂದಿದೆ ಅಷ್ಟೆ. ಕೊಡಿಲ್ಲಿ ಅದನ್ನ, ನಾನು ನೋಡ್ತೀನಿ" ಎಂದು ಹಾಸಿನ ಮೇಲಿದ್ದ ಒಂಟಿ ನಟ್ಟನ್ನು ಎತ್ತಿಕೊಂಡು ಬೆಳಕಿಗೆ ಹಿಡಿಯಲು ಹಿಂದೆ ಸರಿದ. ಹಿಂದೆ ತಟ್ಟೆ ಇತ್ತು.

ತಟ್ಟೆ ಬಿದ್ದ ಸದ್ದು ಟೈಲರನ ಅಂಗಡಿಯವರೆಗೆ ಕೇಳಿಸಿತಂತೆ. ಟೈಲರ್ ಇಲ್ಲಿಯೇ ಇದ್ದುದರಿಂದ ಅದನ್ನು ಹೇಳಿದವರು ಯಾರೋ ಗೊತ್ತಿಲ್ಲ. ಮೂವತ್ತನಾಲ್ಕು ನಟ್ಟುಗಳು ಶಾಲೆ ಬಿಟ್ಟ ಮಕ್ಕಳಂತೆ ದಿಕ್ಕಾಪಾಲಾದವು. ಗಾಬರಿಯಲ್ಲಿ ಭಾವನ ಕೈಯಲ್ಲಿದ್ದುದೂ ಜಾರಿ ಅವುಗಳ ಜೊತೆ ಸೇರಿಕೊಂಡಿತು.

"ಯಾರೂ ಕಾಲಿಡ್ಬೇಡಿ!" ಎಂದು ಟೈಲರ್ ಕೂಗಿ, ಅಂಗಡಿಗೆ ಓಡಿ, ಬಿದ್ದ ಗುಂಡುಸೂಜಿ ಹೆಕ್ಕುವ ತನ್ನ ಕುದುರೆಲಾಳದ ಅಯಸ್ಕಾಂತ ತಂದ. ನೆಲದ ಮೇಲೆ ಅದನ್ನು ಆಡಿಸಿ, ಬೆಂಚಿನ ಕೆಳಗೆ ತೂರಿಸಿ, ಸಿಕ್ಕಿದ್ದನ್ನೆಲ್ಲ ಹಾಸಿನ ಮೇಲೆ ಸುರಿದ. ಹೆಂಡತಿ ಎಲ್ಲವನ್ನೂ ಮತ್ತೆ ತೊಳೆದಳು. ಈಗ ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು.

ಮೇಷ್ಟ್ರು ಎಣಿಸಲು ಬೆರಳು ಎತ್ತಿದರು.

"ಬೇಡ ಮೇಷ್ಟ್ರೆ, ಕೈ ಮುಗೀತೀನಿ" ಎಂದ ಫಿಟ್ಟರ್. "ಆಗ ಎಣಿಸಿದ್ದಕ್ಕೇ ಹೀಗಾಯ್ತು."

ಅವನು ಒಂದೊಂದೇ ಭಾಗವನ್ನು ಒರೆಸಿ, ನೋಡಿ, ಕೂಡಿಸಿ, ಬಿಗಿದ. ಊಟಕ್ಕೂ ಏಳಲಿಲ್ಲ. ಹೆಂಡತಿ ಸ್ಪ್ಯಾನರ್ ಕೊಡುತ್ತಿದ್ದಳು. ಭಾವ ಸಲಹೆ ಕೊಡುತ್ತಿದ್ದ. ಮೂರು ಗಂಟೆ ಹತ್ತು ನಿಮಿಷಕ್ಕೆ ಕೊನೆಯ ನಟ್ಟು ತನ್ನ ಜಾಗ ಸೇರಿತು. ಫಿಟ್ಟರ್ ಒಂದು ಕಣ್ಣು ಮುಚ್ಚಿ ಹಿಂದೆ ತಿರುಗಿದ.

ಹಾಸು ಖಾಲಿ. ನಾಲ್ಕಾರು ಎಣ್ಣೆ ಕಲೆ ಬಿಟ್ಟರೆ ಏನೂ ಇಲ್ಲ.

"ಆ ನಟ್ಟು ಎಲ್ಲಿ ಹೋಯ್ತು?" ಎಂದರು ಮೇಷ್ಟ್ರು.

"ಎಲ್ಲಿ ಹೋಗ್ಬೇಕಿತ್ತೋ ಅಲ್ಲಿಗೇ ಹೋಯ್ತು!" ಎಂದು ಹೆಂಡತಿ ಹಾಸನ್ನು ಕೊಡವಿದಳು. ಟೈಲರ್ ಚಪ್ಪಾಳೆ ತಟ್ಟಿದ. ಫಿಟ್ಟರನ ಕಣ್ಣಲ್ಲಿ ನೀರು ಬಂತು.

ಯಜಮಾನಿಯ ಪರೀಕ್ಷಾ ಕೋಣೆಯಲ್ಲಿ ಎಂಜಿನ್ನನ್ನು ಕಬ್ಬಿಣದ ಚೌಕಟ್ಟಿಗೆ ಕಟ್ಟಿದರು. ಸ್ಪರ್ಧೆಯ ಕಡೆಯಿಂದ ಬಂದ ಪರೀಕ್ಷಕ ಸೀಸದ ಮುದ್ರೆ, ತಂತಿ ಹಿಡಿದು ನಿಂತಿದ್ದ. ಎಂಜಿನ್ ಕೆಮ್ಮಿತು, ಗುರುಗುಟ್ಟಿತು, ಆಮೇಲೆ ಸೀಟಿ ಹೊಡೆಯುತ್ತ ಏರತೊಡಗಿತು. ಫಿಟ್ಟರ್ ಶಕ್ತಿ ತೋರಿಸುವ ಮುಳ್ಳನ್ನು ನೋಡಲಿಲ್ಲ, ಛಾವಣಿಯನ್ನೇ ನೋಡುತ್ತಿದ್ದ.

"ಮುನ್ನೂರ ಇಪ್ಪತ್ತೇಳು!" ಎಂದು ಯಜಮಾನಿ ಕೂಗಿದರು. "ಏನ್ರೀ ಮಾಡಿದ್ರಿ ಇದಕ್ಕೆ? ನಾನು ಕೇಳಿದ್ದು ಮುನ್ನೂರು."

"ಏನೂ ಇಲ್ಲಮ್ಮ. ಒಂದ್ಸಲ ಬಿಚ್ಚಿ ಮತ್ತೆ ಜೋಡಿಸ್ದೆ."

ಅದು ವಿನಯವೆಂದುಕೊಂಡು ಅವರು ನಕ್ಕರು. ಪರೀಕ್ಷಕ ತಂತಿ ಸುತ್ತಿ ಸೀಸ ಒತ್ತಿದ. ಇನ್ನು ವರ್ಷದ ಸ್ಪರ್ಧೆಗಳೆಲ್ಲ ಮುಗಿಯುವವರೆಗೆ ಆ ಎಂಜಿನ್ನನ್ನು ಯಾರೂ ಬಿಚ್ಚುವಂತಿಲ್ಲ. ಬಿಚ್ಚಿದರೆ ಕಾರು ಹೊರಗೆ.

"ಕೆಲಸ ನಿಮ್ಮದೇ" ಎಂದರು ಯಜಮಾನಿ. "ಮುಂದಿನ ತಿಂಗಳು ಇನ್ನೊಂದು ಕಟ್ಟಿ. ಥೇಟ್ ಇದರ ಹಾಗೇ. ಒಂದು ನಟ್ಟೂ ಬದಲಾಗಬಾರದು."

ಫಿಟ್ಟರ್ ಐದೂವರೆಗೆ ಮನೆಗೆ ಬಂದಾಗ ನೆಲದಿಂದ ಅರ್ಧ ಅಡಿ ಮೇಲೆ ನಡೆಯುತ್ತಿದ್ದ. ಶೆಡ್ಡಿನಲ್ಲಿ ಎಲ್ಲರೂ ಕಾದಿದ್ದರು. ಸುದ್ದಿ ಕೇಳಿ ಭಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಇವನು ಗೆದ್ದೇ ಗೆಲ್ತಾನೆ ಅಂತ ನಾನು ಮೊದಲಿಂದ್ಲೂ ಹೇಳ್ತಾನೇ..." ಎಂದ.

ವಾಕ್ಯ ಮುಗಿಯಲಿಲ್ಲ. ಕುರ್ಚಿಯ ಹಿಂಗಾಲು ಕಳಚಿ ಭಾವ ಅಂಗಾತ ಬಿದ್ದ. ಕಾಲಿನ ತುದಿಯಲ್ಲಿ ಒಂದು ಬೋಲ್ಟು ಬೆತ್ತಲೆಯಾಗಿ ಚಾಚಿಕೊಂಡಿತ್ತು. ಅದರ ಮೇಲೆ ನಟ್ಟು ಇರಲಿಲ್ಲ. ಉಳಿದ ಮೂರು ಕಾಲಿನಲ್ಲಿ ಇದ್ದವು: ಕಿರುಬೆರಳ ಉಗುರಿನಷ್ಟು ಅಗಲ, ಆರು ಮೂಲೆ.

ಭಾವನನ್ನು ಎತ್ತಲು ಯಾರಿಗೂ ನೆನಪಾಗಲಿಲ್ಲ.

"ನಿನ್ನೆ ಗುಡಿಸುವಾಗ ಕುರ್ಚಿ ಹತ್ರ ಸಿಕ್ತು" ಎಂದಳು ಹೆಂಡತಿ ಸಣ್ಣ ದನಿಯಲ್ಲಿ. "ಹಾಸಿಂದ ಉರುಳಿರಬೇಕು ಅಂತ ತೊಳೆದು ಇಟ್ಟೆ. ಈ ಮನೇಲಿ ನಟ್ಟು ಅಂದ್ರೆ ನಿಮ್ಮದೇ ಅಲ್ವಾ?"

ಮೇಷ್ಟ್ರು ಬೆರಳು ಮಡಿಸಿದರು. "ಎಂಜಿನ್‌ದು ಮೂವತ್ತನಾಲ್ಕು. ಕುರ್ಚಿದು ಒಂದು. ಒಟ್ಟು ಮೂವತ್ತೈದು. ಜಾಗ ಇರೋದು ಮೂವತ್ತನಾಲ್ಕು. ಹಾಸು ಖಾಲಿಯಾಯ್ತು ಅಂದ್ರೆ..."

ಟೈಲರ್ ಏನೋ ನೆನಪಾದವನಂತೆ ಜೇಬಿನಿಂದ ಅಯಸ್ಕಾಂತ ತೆಗೆದ. ಗುಂಡುಸೂಜಿಗಳ ಪೊದೆಯೊಳಗೆ, ಗೂಡಿನಲ್ಲಿ ಮೊಟ್ಟೆಯಿದ್ದಂತೆ, ಒಂದು ನಟ್ಟು ಬೆಚ್ಚಗೆ ಕೂತಿತ್ತು. ಬೆಂಕಿಯ ಬಿಸಿಗೂ ಜಗ್ಗದ, ರೇಸ್ ಎಂಜಿನ್ನಿಗೆಂದೇ ಮಾಡಿದ ಉಕ್ಕಿನ ನಟ್ಟು. ಅದರ ಜಾಗದಲ್ಲಿ ಈಗ ಎಂಜಿನ್ನಿನೊಳಗೆ ಭಾವನ ಕುರ್ಚಿಯ ನಟ್ಟು ಇತ್ತು.

ಫಿಟ್ಟರ್ ಪ್ರಾಮಾಣಿಕ. ಬೆವರುತ್ತಲೇ ಯಜಮಾನಿಗೆ ಫೋನ್ ಮಾಡಿದ. "ಅಮ್ಮಾ, ತಪ್ಪಾಗೋಯ್ತು. ಆ ಎಂಜಿನ್‌ಗೆ ಒಂದು ಕುರ್ಚಿ ನಟ್ಟು ಸೇರಿಬಿಟ್ಟಿದೆ."

ಆ ಕಡೆ ಯಜಮಾನಿ ತುಂಬ ಹೊತ್ತು ನಕ್ಕರು. "ನೀವು ಹೋದ್ಮೇಲೆ ಅರ್ಧ ಗಂಟೆ ಓಡಿಸಿದೀವಿ ರೀ, ಗಡಿಯಾರದ ಹಾಗಿದೆ. ಸೀಲ್ ಮುರಿಯೋ ಮಾತೇ ಇಲ್ಲ. ಕುರ್ಚಿ ನಟ್ಟಿಂದಾನೇ ಇಪ್ಪತ್ತೇಳು ಹೆಚ್ಚು ಬಂದಿದ್ರೆ, ಎರಡನೇದಕ್ಕೂ ಹಾಕಿ. ಅದೇ ಜಾಗಕ್ಕೆ."

"ಯಾವ ಜಾಗಕ್ಕೆ?" ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಟೈಲರ್ ಕೊಟ್ಟ ನಟ್ಟನ್ನು ಫಿಟ್ಟರ್ ಕುರ್ಚಿಗೇ ಹಾಕಿ ಬಿಗಿದ. ಅಂದಿನಿಂದ ಆ ಕುರ್ಚಿ ನರಳುವುದು ನಿಂತಿದೆ. ಭಾವ ಮೊದಲಿಗಿಂತ ಹೆಚ್ಚು ಹೊತ್ತು ಕೂರುತ್ತಾನೆ. ಪಂಪಿನಂಗಡಿಯ ಸ್ಟೂಲು ಇನ್ನೂ ಖಾಲಿಯಿದೆ ಎಂದು ದಿನಕ್ಕೊಮ್ಮೆ ನೆನಪಿಸುತ್ತಾನೆ. ಫಿಟ್ಟರ್ ಎರಡನೆಯ ಎಂಜಿನ್ನಿನ ಮೂವತ್ತನಾಲ್ಕು ಬೋಲ್ಟುಗಳನ್ನೂ, ಕುರ್ಚಿಯಲ್ಲಿ ಉಳಿದ ಮೂರು ಹಳೆಯ ನಟ್ಟುಗಳನ್ನೂ ಒಮ್ಮೆ ಅದನ್ನು ಒಮ್ಮೆ ಇದನ್ನು ನೋಡುತ್ತ ನಿಂತಿರುತ್ತಾನೆ.

ಆ ಹೆಚ್ಚಿನ ಇಪ್ಪತ್ತೇಳು ಬಂದದ್ದು ಕುರ್ಚಿಯ ನಟ್ಟಿನಿಂದಲೋ, ಎರಡನೆಯ ಸಲ ಹೆದರಿ ಹೆದರಿ ಬಿಗಿದದ್ದರಿಂದಲೋ ನನಗೆ ಗೊತ್ತಿಲ್ಲ. ನಟ್ಟು ಎಲ್ಲಿದೆಯೆಂಬುದೂ ಗೊತ್ತಿಲ್ಲ. ಸೀಸದ ಮುದ್ರೆ ಇನ್ನೂ ಹಾಗೆಯೇ ಇದೆ.