ಕಿತ್ತ ಲಂಟಾನವನ್ನು ಫೋಟೋಗಾಗಿ ಮತ್ತೆ ನೆಡುವ ಬಗ್ಗೆ

ಸಾರ್ವಜನಿಕ ಜಮೀನು ಹಾಗೂ ಅನಪೇಕ್ಷಿತ ಸಸ್ಯಗಳ ಇಲಾಖೆ
ಅಭಿನಂದನಾ ಶಾಖೆ, ಮೂರನೇ ಮಹಡಿ (ಲಿಫ್ಟ್ ದುರಸ್ತಿಯಲ್ಲಿದೆ)

ಸುತ್ತೋಲೆ ಸಂಖ್ಯೆ: ಸಾಜ/ಅಸ/ಅಭಿ/47/ಮುಳ್ಳು

ವಿಷಯ: ಆಸ್ಪತ್ರೆ ಗುಡ್ಡದಲ್ಲಿ ಹಬ್ಬಿದ್ದ ಲಂಟಾನದ ಮುಳ್ಳುಪೊದೆಗಳನ್ನು ಕೆಳಬೀದಿಯ ನಿವಾಸಿಗಳು ಸ್ವಯಂಪ್ರೇರಣೆಯಿಂದ ಕಿತ್ತಿರುವುದನ್ನು ಗುರುತಿಸಿ ಗೌರವಿಸುವ ಕುರಿತು.

ಉಲ್ಲೇಖ: 1. ದಾರಿ ಬಿಡಿಸಿಕೊಡುವಂತೆ ಕೆಳಬೀದಿಯ ದರ್ಜಿಯೊಬ್ಬರು ಸಲ್ಲಿಸಿದ ಒಂಬತ್ತು ಅರ್ಜಿಗಳು (ಕಡತದಲ್ಲಿ ಸಿಕ್ಕಿಲ್ಲ).
2. ಅವರದೇ ಹತ್ತನೇ ಪತ್ರ, "ದಾರಿ ನಾವೇ ಮಾಡ್ಕೊಂಡ್ವಿ" (ತಕ್ಷಣ ಸಿಕ್ಕಿದೆ).

ಬೀದಿಯಲ್ಲಿ ಟೈಲರ್ ಅಕ್ಕ ಎಂದು ಕರೆಯಲಾಗುವ ಸದರಿ ದರ್ಜಿಯವರ ಅತ್ತೆಯ ಎಡಗಾಲಿನಲ್ಲಿ ಮಾಯದ ಗಾಯವಿದ್ದು, ವಾರಕ್ಕೆ ಮೂರು ಸಲ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಗುಡ್ಡದ ಮೇಲಿನ ಆಸ್ಪತ್ರೆಗೆ ಡ್ರೆಸ್ಸಿಂಗ್‌ಗೆ ಹೋಗಬೇಕಾಗಿರುತ್ತದೆ. ಗುಡ್ಡದ ದಾರಿಯಲ್ಲಿ ಹದಿನೈದು ನಿಮಿಷ. ಆ ದಾರಿಯನ್ನು ಲಂಟಾನ ನುಂಗಿ ಆರು ವರ್ಷವಾಗಿದ್ದು, ಸುತ್ತು ಬಳಸಿ ಹೋದರೆ ಒಂದೂವರೆ ಗಂಟೆ. ದರ್ಜಿಯವರು ಹಳೆಯ ಜೀನ್ಸ್ ಪ್ಯಾಂಟುಗಳನ್ನು ಬಿಚ್ಚಿ ಹನ್ನೊಂದು ಜೊತೆ ಕೈಗವಸು ಹೊಲಿದು, ಬೀದಿಯವರಿಗೆ ತೊಡಿಸಿ, ಏಳು ಭಾನುವಾರ ಬೆವರು ಸುರಿಸಿ ಪೊದೆಗಳನ್ನು ಬುಡಸಮೇತ ಕೀಳಿಸಿರುತ್ತಾರೆ. ಇಲಾಖೆ ಇದನ್ನು ಮನಸಾರೆ ಮೆಚ್ಚುತ್ತದೆ. ಮೆಚ್ಚುವ ಮುನ್ನ ಈ ಕೆಳಕಂಡ ನ್ಯೂನತೆಗಳನ್ನು ಸರಿಪಡಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

1. ಅಭಿನಂದನಾ ನಮೂನೆಯಲ್ಲಿ 'ಮೊದಲು' ಮತ್ತು 'ನಂತರ' ಎಂಬ ಎರಡು ಫೋಟೋಗಳಿಗೆ ಜಾಗವಿದ್ದು, ಎರಡನ್ನೂ ಇಲಾಖೆಯ ಛಾಯಾಗ್ರಾಹಕರೇ ತೆಗೆಯತಕ್ಕದ್ದು. ಅವರು ಗುಡ್ಡ ತಲುಪುವ ವೇಳೆಗೆ 'ನಂತರ' ಆಗಿಹೋಗಿತ್ತು. ಆದ್ದರಿಂದ ಕಿತ್ತ ಗಿಡಗಳನ್ನು ಕಿತ್ತವರೇ ಕಿತ್ತ ಜಾಗದಲ್ಲೇ ಮರುನಾಟಿ ಮಾಡಿ, ಫೋಟೋ ತೆಗೆದ ಬಳಿಕ ಪುನಃ ಕೀಳತಕ್ಕದ್ದು.

2. ಮರುನಾಟಿ ಮಾಡಿದ ಗಿಡ ಬಾಡಿರಕೂಡದು. ಸಾರ್ವಜನಿಕರಿಗೆ ತೊಂದರೆ ಕೊಡುವಷ್ಟು ಸೊಂಪಾಗಿರತಕ್ಕದ್ದು. ಹೂ ಬಿಡುವವರೆಗೆ ದಿನಕ್ಕೆರಡು ಸಲ ನೀರು ಹಾಕತಕ್ಕದ್ದು. ಸ್ಥಳ ತನಿಖೆಯ ವೇಳೆ ಈ ಅಂಶವನ್ನು ವಿವರಿಸಲಾಗಿ, ದರ್ಜಿಯವರು "ಅಂಗಿ ಹೊಲಿದು ಕೊಟ್ಟಾದ್ಮೇಲೆ ಅಳತೆ ತಗೋಬೇಕು, ಹೊಲಿಗೆ ಬಿಚ್ಚಿ ತನ್ನಿ ಅಂದ್ರೆ ನೀವು ನಮ್ಮಂಗಡಿಗೆ ಬರ್ತೀರಾ ಸಾರ್" ಎಂದು ಕೇಳಿರುತ್ತಾರೆ. ತನಿಖಾಧಿಕಾರಿಯವರ ಅಂಗಿ ಈ ಕಡತದ ವ್ಯಾಪ್ತಿಗೆ ಬರುವುದಿಲ್ಲ.

3. ಮೂಲ ಗಿಡಗಳು ಸುಟ್ಟುಹೋಗಿದ್ದಲ್ಲಿ ಇಲಾಖೆಯ ನರ್ಸರಿಯಿಂದ ಸಸಿಗಳನ್ನು ಪಡೆಯಬಹುದು. ಸದರಿ ಗುಡ್ಡದ ಲಂಟಾನವನ್ನು ಅಲಂಕಾರಕ್ಕೆಂದು ಹಿಂದೊಮ್ಮೆ ಇಲಾಖೆಯೇ ನೆಡಿಸಿದ್ದು, ಅದು 'ನಮ್ಮ ಸಾಧನೆಗಳು' ಫಲಕದಲ್ಲಿ ಇಂದಿಗೂ ಇರುತ್ತದೆ. ಆದಕಾರಣ ಅದನ್ನು ಕಿತ್ತಿದ್ದಕ್ಕೆ ಅಭಿನಂದನಾ ಪತ್ರವನ್ನೂ, ಕಿತ್ತದ್ದೇಕೆಂದು ಕೇಳುವ ನೋಟಿಸನ್ನೂ ಒಂದೇ ವೇದಿಕೆಯಲ್ಲಿ ಪ್ರದಾನ ಮಾಡಲಾಗುವುದು. ಚಪ್ಪಾಳೆ ಒಂದೇ ಸಲ.

4. ಹನ್ನೆರಡು ಜನರಿಗಿಂತ ಕಡಿಮೆಯಿದ್ದಲ್ಲಿ ಅದು ಸಮುದಾಯವಾಗುವುದಿಲ್ಲ, ಗುಂಪುಗಾರಿಕೆಯಾಗುತ್ತದೆ. ಕಿತ್ತವರು ಹನ್ನೊಂದೇ ಜನ. ಅತ್ತೆಯವರನ್ನು ಹನ್ನೆರಡನೆಯವರೆಂದು ಪರಿಗಣಿಸಲು ಬೀದಿಯವರು ಕೋರಿರುತ್ತಾರೆ. ಆದರೆ ಅವರು ಏಳೂ ಭಾನುವಾರ ಒಂದು ಎಲೆಯನ್ನೂ ಕೀಳದೆ, ಕುರ್ಚಿಯಲ್ಲೇ ಕುಳಿತು "ಬುಡ ಬಿಡ್ಬೇಡ್ರೋ, ಮೇಲೆ ಮೇಲೆ ಸವರೋಕೆ ನೀವೇನು ಆಫೀಸಿನವರಾ" ಎಂದು ಹೇಳುತ್ತಿದ್ದುದು ಕಂಡುಬಂದಿದೆ. ಕುರ್ಚಿಯಲ್ಲಿ ಕುಳಿತು ಅಪ್ಪಣೆ ಕೊಡಿಸುವುದು ಇಲಾಖೆಯ ವಿಶೇಷಾಧಿಕಾರವಾಗಿದ್ದು, ಅದನ್ನು ದುರ್ಬಳಕೆ ಮಾಡಿದ ಬಗ್ಗೆ ಅವರಿಂದ ವಿವರಣೆ ಕೇಳಲಾಗಿದೆ.

5. ಫೋಟೋ ಆಗುವವರೆಗಿನ ಅವಧಿಯಲ್ಲಿ ಗುಡ್ಡದಲ್ಲಿ ದಾರಿಯೇ ಇಲ್ಲವೆಂದು ಎಲ್ಲರೂ ಭಾವಿಸತಕ್ಕದ್ದು. ಗಾಲಿಕುರ್ಚಿಯ ಗುರುತುಗಳನ್ನು ಗುಡಿಸತಕ್ಕದ್ದು. ಆ ದಾರಿಯಲ್ಲಿ ಈಗಾಗಲೇ ಹೋಗಿಬಂದಿರುವವರು ಸುತ್ತು ಬಳಸಿ ಹೋಗಿದ್ದಾಗಿ ಬರೆದುಕೊಡತಕ್ಕದ್ದು.

6. "ನಿಮ್ಮ ಸರ್ಟಿಫಿಕೇಟು ನೀವೇ ಇಟ್ಕೊಳ್ಳಿ ಸಾರ್. ಅತ್ತೆ ಕಾಲು ಈಗೀಗ ಒಣಗ್ತಾ ಬಂದಿದೆ, ದಾರಿ ಒಂದು ಬಿಟ್ಬಿಡಿ" ಎಂದು ದರ್ಜಿಯವರು ಲಿಖಿತವಾಗಿ ತಿಳಿಸಿರುತ್ತಾರೆ. ಗೌರವವನ್ನು ಬೇಡವೆನ್ನಲು ಇಲಾಖೆಯಲ್ಲಿ ನಮೂನೆ ಇರುವುದಿಲ್ಲ. ಗೌರವ ಸ್ವೀಕರಿಸದೆ ಗಿಡ ಕಿತ್ತಿದ್ದಲ್ಲಿ ಅದು ಅತಿಕ್ರಮ ಪ್ರವೇಶವಾಗುತ್ತದೆ. ಆದ್ದರಿಂದ ಕಳೆದ ಸೋಮವಾರದಿಂದ ದಾರಿಗೆ ಬೇಲಿ ಹಾಕಲಾಗಿದೆ. ಬೇಲಿಗೆ, ಸುಲಭವಾಗಿ ದೊರೆಯುವುದರಿಂದ, ಲಂಟಾನವನ್ನೇ ಬಳಸಲಾಗಿದೆ.

ಸಹಿ/-
(ಓದಲಾಗುತ್ತಿಲ್ಲ)
ಪ್ರಭಾರ ಅಧಿಕಾರಿ, ಅಭಿನಂದನಾ ಶಾಖೆ
(ಸಸ್ಯ ನಿಯಂತ್ರಣ ಶಾಖೆಯ ಹುದ್ದೆ ಮೊದಲಿನಿಂದಲೂ ಖಾಲಿ)

ಪ್ರತಿಗಳು:

1. ಇಲಾಖಾ ಛಾಯಾಗ್ರಾಹಕರಿಗೆ: ಈ ಸಲವಾದರೂ ಬೇಗ ಹೊರಡುವಂತೆ ಕೋರಿ.

2. ನರ್ಸರಿ ಮೇಲ್ವಿಚಾರಕರಿಗೆ: ಮುಳ್ಳು ಚೆನ್ನಾಗಿರುವ ಸಸಿಗಳನ್ನೇ ಆರಿಸಿಡಲು.

3. ಲಂಟಾನಕ್ಕೆ: ಮಾಹಿತಿಗಾಗಿ ಹಾಗೂ ಅಗತ್ಯ ಬೆಳವಣಿಗೆಗಾಗಿ.

4. ದರ್ಜಿಯವರ ಅತ್ತೆಗೆ: ಕಡತ ಇತ್ಯರ್ಥವಾಗುವವರೆಗೆ ಕಾಲಿನ ಗಾಯವನ್ನು ಯಥಾಸ್ಥಿತಿಯಲ್ಲಿ ಕಾಯ್ದುಕೊಳ್ಳುವಂತೆ ತಿಳಿಸಿ.

5. ದರ್ಜಿಯವರಿಗೆ: ರಿಜಿಸ್ಟರ್ಡ್ ಅಂಚೆಯಲ್ಲಿ.

6. ಕಚೇರಿ ಪ್ರತಿ. (ಟಿಪ್ಪಣಿ: ಕ್ರಮಸಂಖ್ಯೆ 4 ಮತ್ತು 5ರ ಲಕೋಟೆಗಳು ಬಟವಾಡೆಯಾಗದೆ ವಾಪಸಾಗಿವೆ. ಲಕೋಟೆಯ ಮೇಲೆ ಅಂಚೆಯವರು ಬರೆದಿರುವುದನ್ನು ಯಥಾವತ್ತಾಗಿ ದಾಖಲಿಸಿದೆ: "ಮನೆಗೆ ಬೀಗ. ಸೊಸೆ ಕತ್ತಿ ಹಿಡ್ಕೊಂಡು, ಅತ್ತೆ ಕುರ್ಚಿಲಿ ಕೂತ್ಕೊಂಡು, ಬೀದಿಯವರೆಲ್ಲ ಬೇಲಿ ಹತ್ರ ಇದ್ದಾರೆ. ನಂಗೂ ಒಂದು ಜೊತೆ ಕೈಗವಸು ಕೊಟ್ಟಿದ್ದಾರೆ. ಈಗ ಹನ್ನೆರಡು ಜನ.")